ಗಣಕಯಂತ್ರದ ಪೆಟ್ಟಿಗೆಯನ್ನು ಮನೆಯಲ್ಲಿಯೇ ಹದಗೊಳಿಸುವ ಬಗೆ

ಗಣಕಯಂತ್ರವು ನಮ್ಮ ಶಾಲೆಗಳಿಗೆ ಈಗ ಹೊಸ ವಸ್ತುವಾಗಿ ಉಳಿದಿಲ್ಲ. ಅದರ ಒಳಗಿನ ಬುದ್ಧಿಯ ಭಾಗವನ್ನು ಕುರಿತು ನಮ್ಮ ಸೀಮೆಯಲ್ಲಿ ಆಗಿರುವ ಕೆಲಸವೂ ಅಲ್ಪವಲ್ಲ. ಸಿರಿಗೆರೆಯ ಶ್ರೀ ತರಳಬಾಳು ಜಗದ್ಗುರು ಡಾ|| ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು ಪಾಣಿನಿಯ ವ್ಯಾಕರಣ ಸೂತ್ರಗಳನ್ನು ಗಣಕಕ್ಕೆ ಅಳವಡಿಸಿ ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶವನ್ನು ರೂಪಿಸಿದುದು ವಿದ್ವಜ್ಜನರಿಗೆಲ್ಲ ವಿದಿತವಾದ ಸಂಗತಿ. ಆದರೆ ಆ ಬುದ್ಧಿಯು ನೆಲೆಸಿರುವ ಮನೆಯನ್ನು, ಎಂದರೆ ಯಂತ್ರದ ಹೊರಪೆಟ್ಟಿಗೆಯನ್ನು, ಕುರಿತು ನಾವು ಯೋಚಿಸುವುದು ಕಡಿಮೆ. ಆಡುಮಾತಿನಲ್ಲಿ ಇದನ್ನೇ ‘ಸಿ.ಪಿ.ಯು.’ ಎಂದು ಕರೆಯುವುದು ರೂಢಿ. ಅದು ಸರಿಯಲ್ಲ, ಸಿ.ಪಿ.ಯು. ಎಂಬುದು ಒಳಗಿರುವ, ಬೆಂಕಿಪೊಟ್ಟಣಕ್ಕಿಂತ ತುಸು ಭಿನ್ನವಾದ ಗಾತ್ರದ ಒಂದು ಬಿಲ್ಲೆ ಮಾತ್ರ. ಅಂಗಡಿಯವರು ಪೆಟ್ಟಿಗೆಯನ್ನು ‘ಕ್ಯಾಬಿನೆಟ್’ ಎನ್ನುತ್ತಾರೆ. ಈ ಲೇಖನದಲ್ಲಿ ನಾವು ಅದನ್ನು ಪೆಟ್ಟಿಗೆ ಎಂದೇ ಕರೆಯೋಣ.

ಈ ಪೆಟ್ಟಿಗೆಯನ್ನು ಮನೆಯಲ್ಲಿಯೇ, ಸಾಮಾನ್ಯ ಸಲಕರಣೆಗಳಿಂದ, ನಮ್ಮ ಹವೆಗೂ ಅಗತ್ಯಕ್ಕೂ ತಕ್ಕಂತೆ ಮಾರ್ಪಡಿಸಿಕೊಳ್ಳುವುದು ಹೇಗೆ ಎಂಬುದನ್ನು ವಿವರಿಸುವುದೇ ಈ ಬರೆಹದ ಉದ್ದೇಶ. ಇದು ಕೇವಲ ಹವ್ಯಾಸಿಗಳ ಕುತೂಹಲದ ವಿಷಯವಲ್ಲ. ದಾನಿಗಳು ಅಭಿಮಾನದಿಂದ ಕೊಟ್ಟ ಗಣಕಗಳು ಶಾಲೆಯ ಕೊಠಡಿಯಲ್ಲಿ ಎಷ್ಟು ವರ್ಷ ಬಾಳುತ್ತವೆ, ಮಕ್ಕಳು ಅವನ್ನು ಎಷ್ಟು ನಿರ್ಭಯವಾಗಿ ಮುಟ್ಟಬಹುದು ಎಂಬ ಎರಡು ಪ್ರಶ್ನೆಗಳಿಗೂ ಉತ್ತರವು ಬಹುಮಟ್ಟಿಗೆ ಈ ಪೆಟ್ಟಿಗೆಯಲ್ಲಿಯೇ ಅಡಗಿದೆ.

ಪೆಟ್ಟಿಗೆಯ ಹುಟ್ಟು ಮತ್ತು ಅಳತೆ

ಗಣಕದ ಪೆಟ್ಟಿಗೆಯನ್ನು ಮನೆಯಲ್ಲಿ ತಯಾರಿಸುವುದು ಇಂದಿನ ಗೀಳೆಂದು ಕೆಲವರು ಭಾವಿಸಿರಬಹುದು. ವಾಸ್ತವವಾಗಿ ಅದು ಮನೆಯ ಗಣಕದಷ್ಟೇ ಹಳೆಯದು. ೧೯೭೬ರಲ್ಲಿ ಅಮೆರಿಕೆಯಲ್ಲಿ ಮಾರಾಟಕ್ಕೆ ಬಂದ ‘ಆಪಲ್-೧’ ಎಂಬ ಯಂತ್ರಕ್ಕೆ ಪೆಟ್ಟಿಗೆಯೇ ಇರಲಿಲ್ಲ. ಬಿಡಿಭಾಗಗಳನ್ನು ಕೂಡಿಸಿದ ಹಲಗೆಯೊಂದನ್ನು ಮಾತ್ರ ಕೊಡುತ್ತಿದ್ದರು. ಕೊಂಡವರಲ್ಲಿ ಕೆಲವರು ಮರದ ಪೆಟ್ಟಿಗೆಯನ್ನು ಮಾಡಿಸಿಕೊಂಡರು. ೧೯೮೧ರಲ್ಲಿ ಐ.ಬಿ.ಎಂ. ಸಂಸ್ಥೆಯ ಪರ್ಸನಲ್ ಕಂಪ್ಯೂಟರ್ ಬಂದ ಮೇಲೆ ಉಕ್ಕಿನ ತಗಡಿನ ಪೆಟ್ಟಿಗೆಯು ಎಲ್ಲೆಡೆ ಹರಡಿತು. ೧೯೯೫ರಲ್ಲಿ ಇಂಟೆಲ್ ಸಂಸ್ಥೆಯು ‘ಎ.ಟಿ.ಎಕ್ಸ್.’ ಎಂಬ ಅಳತೆಯ ಕಟ್ಟಳೆಯನ್ನು ಪ್ರಕಟಿಸಿತು. ಮದರ್‌ಬೋರ್ಡಿನ ತಿರುಪುಗಳು ಎಲ್ಲಿ ಬರಬೇಕು, ವಿದ್ಯುತ್ ಪೂರೈಕೆಯ ಡಬ್ಬಿ ಎಷ್ಟು ಅಗಲವಿರಬೇಕು ಎಂಬುದೆಲ್ಲ ಅಂದಿನಿಂದ ಒಂದು ನಿಯಮಕ್ಕೆ ಒಳಪಟ್ಟಿತು.

ಮನೆಯಲ್ಲಿ ಕೆಲಸಕ್ಕೆ ಕೈಹಾಕುವವರು ನೆನಪಿಡಬೇಕಾದ ಅಳತೆಗಳು ಕೆಲವೇ. ಪೂರ್ಣ ಎ.ಟಿ.ಎಕ್ಸ್. ಬೋರ್ಡು ೩೦೫ × ೨೪೪ ಮಿಲಿಮೀಟರು, ಮೈಕ್ರೋ ಎ.ಟಿ.ಎಕ್ಸ್. ೨೪೪ × ೨೪೪, ಮಿನಿ ಐ.ಟಿ.ಎಕ್ಸ್. ೧೭೦ × ೧೭೦. ವಿದ್ಯುತ್ ಡಬ್ಬಿಯ ಹಿಂಬದಿ ೧೫೦ × ೮೬. ಫ್ಯಾನುಗಳಲ್ಲಿ ೮೦ ಮತ್ತು ೧೨೦ ಮಿಲಿಮೀಟರಿನವು ಹೆಚ್ಚು ಬಳಕೆಯಲ್ಲಿವೆ. ೧೨೦ರ ಫ್ಯಾನಿನ ತಿರುಪಿನ ತೂತುಗಳ ನಡುವಣ ಅಂತರ ೧೦೫ ಮಿಲಿಮೀಟರು, ೮೦ರದಕ್ಕೆ ೭೧.೫. ಈ ಅಂಕಿಗಳನ್ನು ಒಂದು ರಟ್ಟಿನ ಮೇಲೆ ಬರೆದು ಗೋಡೆಗೆ ತೂಗುಹಾಕಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹೆಸರಾಂತ ಕಂಪನಿಗಳು ಕಚೇರಿಗಳಿಗೆಂದು ತಯಾರಿಸುವ ಗಣಕಗಳು ಅನೇಕ ವೇಳೆ ಈ ಸಾಮಾನ್ಯ ಅಳತೆಗೆ ಹೊಂದುವುದಿಲ್ಲ. ಅವುಗಳ ಬೋರ್ಡಿನ ಆಕಾರವೂ ವಿದ್ಯುತ್ ತಂತಿಯ ಜೋಡಣೆಯೂ ಅವುಗಳದೇ ಆಗಿರುತ್ತವೆ. ಶಾಲೆಗಳಿಗೆ ದಾನವಾಗಿ ಬರುವ ಯಂತ್ರಗಳಲ್ಲಿ ಇಂತಹವೇ ಹೆಚ್ಚು. ಅಂತಹವನ್ನು ಬೇರೆ ಪೆಟ್ಟಿಗೆಗೆ ಸಾಗಿಸಲು ಹೆಣಗುವುದಕ್ಕಿಂತ ಇದ್ದ ಪೆಟ್ಟಿಗೆಯನ್ನೇ ತಿದ್ದುವುದು ಲೇಸು.

ನಮ್ಮ ಸೀಮೆಯ ಹವೆ ಮತ್ತು ಧೂಳು

ಪೆಟ್ಟಿಗೆಯನ್ನು ರೂಪಿಸಿದವರು ನಮ್ಮ ಹವೆಯನ್ನು ಕಣ್ಣಮುಂದೆ ಇರಿಸಿಕೊಂಡಿರಲಿಲ್ಲ. ಚಿತ್ರದುರ್ಗವು ಮಳೆ ಕಡಿಮೆಯಾದ, ಗಾಳಿ ಹೆಚ್ಚಾದ ಬಯಲುಸೀಮೆ. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಲು ಯಾವ ಗಾಳಿ ಕಾರಣವಾಯಿತೋ ಅದೇ ಗಾಳಿಯು ಹೊಲದ ಮಣ್ಣನ್ನೂ ರಸ್ತೆಯ ಧೂಳನ್ನೂ ಕಿಟಕಿಯ ಮೂಲಕ ತರಗತಿಯೊಳಕ್ಕೆ ತರುತ್ತದೆ. ಹಿರಿಯೂರಿನ ಕಡೆಯ ಬೇಸಗೆಯ ಬಿಸಿಲನ್ನು ವರ್ಣಿಸಬೇಕಾಗಿಲ್ಲ. ಹೊಸದುರ್ಗ, ಹೊಳಲ್ಕೆರೆಗಳ ತೆಂಗು ಅಡಿಕೆಯ ತೋಟದ ಮನೆಗಳಲ್ಲಿ ಧೂಳು ಸ್ವಲ್ಪ ಕಡಿಮೆಯಾದರೂ ಇರುವೆ, ಹಲ್ಲಿ, ಇಲಿಗಳ ಉಪದ್ರವ ಹೆಚ್ಚು.

ಧೂಳು ಯಂತ್ರವನ್ನು ಕೊಲ್ಲುವ ಕ್ರಮ ಹೀಗಿದೆ: ಪ್ರೊಸೆಸರಿನ ಮೇಲಿರುವ ಅಲ್ಯೂಮಿನಿಯಮ್ ರೆಕ್ಕೆಗಳ ನಡುವೆ ಅದು ಕಂಬಳಿಯಂತೆ ಹೊದ್ದು ಕೂರುತ್ತದೆ. ಗಾಳಿ ಹಾಯದೆ ಬಿಸಿ ಹೆಚ್ಚುತ್ತದೆ. ೧೦೦ ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಬಹುತೇಕ ಪ್ರೊಸೆಸರುಗಳು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ‘ಯಂತ್ರ ಹಳೆಯದಾಯಿತು, ನಿಧಾನವಾಯಿತು’ ಎಂದು ನಾವು ಮೂಲೆಗೆ ತಳ್ಳುವ ಗಣಕಗಳಲ್ಲಿ ಕೆಲವಕ್ಕೆ ಬಂದಿರುವುದು ಮುಪ್ಪಲ್ಲ, ಬರಿಯ ಉಸಿರುಕಟ್ಟು. ಇದಲ್ಲದೆ ಬೋರ್ಡಿನ ಮೇಲಿರುವ ದ್ರವಯುಕ್ತ ಕೆಪ್ಯಾಸಿಟರುಗಳ ಆಯುಷ್ಯವು ಪ್ರತಿ ೧೦ ಡಿಗ್ರಿ ಬಿಸಿ ಏರಿದಂತೆ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ತಂತ್ರಜ್ಞರು ಒಪ್ಪಿದ ಲೆಕ್ಕ.

ಗಾಳಿಯ ಲೆಕ್ಕ

ಎಷ್ಟು ಗಾಳಿ ಬೇಕೆಂಬುದನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಕಂಡುಹಿಡಿಯಬಹುದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಗಣಕವು ಹೆಚ್ಚೆಂದರೆ ೧೦೦ ವ್ಯಾಟ್‌ನಷ್ಟು ಶಾಖವನ್ನು ಹೊರಸೂಸುತ್ತದೆ ಎಂದಿಟ್ಟುಕೊಳ್ಳೋಣ. ಪೆಟ್ಟಿಗೆಯೊಳಗಿನ ಗಾಳಿಯು ಕೊಠಡಿಯ ಗಾಳಿಗಿಂತ ೧೦ ಡಿಗ್ರಿಗೆ ಮಿಗಿಲಾಗಿ ಬಿಸಿಯಾಗಕೂಡದು. ಒಂದು ಕಿಲೋಗ್ರಾಂ ಗಾಳಿಯನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು ೧೦೦೫ ಜೂಲ್ ಬೇಕು. ಸಮುದ್ರಮಟ್ಟದಲ್ಲಿ ಒಂದು ಘನಮೀಟರು ಗಾಳಿಯ ತೂಕ ಸುಮಾರು ೧.೨ ಕಿಲೋಗ್ರಾಂ, ಆದರೆ ಚಿತ್ರದುರ್ಗವು ಸಮುದ್ರಮಟ್ಟದಿಂದ ೭೩೨ ಮೀಟರು ಎತ್ತರದಲ್ಲಿದೆ. ಬೇಸಗೆಯಲ್ಲಿ ೩೮ ಡಿಗ್ರಿ ಬಿಸಿಯಿರುವಾಗ ಇಲ್ಲಿನ ಗಾಳಿಯ ತೂಕ ೧.೦೪ ಕಿಲೋಗ್ರಾಮಿನ ಆಸುಪಾಸಿಗೆ ಇಳಿಯುತ್ತದೆ. ೧೦೦ನ್ನು ೧.೦೪, ೧೦೦೫ ಮತ್ತು ೧೦ರ ಗುಣಲಬ್ಧದಿಂದ ಭಾಗಿಸಿದರೆ ಸೆಕೆಂಡಿಗೆ ೦.೦೦೯೬ ಘನಮೀಟರು, ಎಂದರೆ ಗಂಟೆಗೆ ಸುಮಾರು ೩೫ ಘನಮೀಟರು ಗಾಳಿ ಹಾಯಬೇಕೆಂದಾಯಿತು.

ಸಾಧಾರಣವಾದ ೧೨೦ ಮಿಲಿಮೀಟರಿನ ಫ್ಯಾನು ಯಾವ ಅಡ್ಡಿಯೂ ಇಲ್ಲದಿದ್ದರೆ ಗಂಟೆಗೆ ೭೦ ಘನಮೀಟರು ಗಾಳಿಯನ್ನು ತಳ್ಳಬಲ್ಲುದು. ಮುಂದೆ ಜಾಲರಿ, ಸೋಸುಬಟ್ಟೆಗಳನ್ನು ಇಟ್ಟರೆ ಅದು ಅರ್ಧಕ್ಕೆ ಇಳಿಯಬಹುದು. ಆದುದರಿಂದ ಒಂದು ಫ್ಯಾನು ಲೆಕ್ಕಕ್ಕೆ ಸರಿಹೋದರೂ ಬೇಸಗೆಗೆ ಸಾಲದು. ಮುಂದೆ ಎರಡು, ಹಿಂದೆ ಒಂದು ಇದ್ದರೆ ಕ್ಷೇಮ.

ಮುಂದೆ ಎರಡು, ಹಿಂದೆ ಒಂದು ಏಕೆ? ಇದರ ಮರ್ಮವನ್ನು ನಮ್ಮ ಮಾರಿಕಣಿವೆಯನ್ನು ಕಂಡವರಿಗೆ ವಿವರಿಸುವುದು ಸುಲಭ. ೧೯೦೭ರಲ್ಲಿ ಮುಗಿದ ವಾಣಿವಿಲಾಸ ಸಾಗರವು ೧೯೩೩ರಲ್ಲಿ ಕೋಡಿ ಹರಿದ ಬಳಿಕ ಮತ್ತೆ ಕೋಡಿ ಹರಿದುದು ೨೦೨೨ರಲ್ಲಿ. ಒಳಹರಿವು ಹೆಚ್ಚಾದಾಗ ನೀರು ತಾನಾಗಿ ಹೊರದಾರಿಯನ್ನು ಹಿಡಿಯುತ್ತದೆ. ಪೆಟ್ಟಿಗೆಯೊಳಕ್ಕೆ ಬರುವ ಗಾಳಿಯು ಹೋಗುವ ಗಾಳಿಗಿಂತ ಹೆಚ್ಚಾಗಿದ್ದರೆ ಪೆಟ್ಟಿಗೆಯ ಒಂದೊಂದು ಸಂದಿಯೂ ಒಂದೊಂದು ಕೋಡಿಯಾಗುತ್ತದೆ; ಆ ಸಂದಿಗಳಿಂದ ಗಾಳಿ ಹೊರಗೇ ಹರಿಯುವುದರಿಂದ ಧೂಳು ಎದುರೇರಿ ಒಳಬರಲಾರದು. ಒಳಬರುವ ಗಾಳಿಯೆಲ್ಲವೂ ಸೋಸುಬಟ್ಟೆಯ ಮೂಲಕವೇ ಬರಬೇಕಾಗುತ್ತದೆ. ಹಿಂಬದಿಯ ಫ್ಯಾನನ್ನು ಮಾತ್ರ ಬಲಪಡಿಸಿದರೆ ಇದಕ್ಕೆ ವಿರುದ್ಧವಾಗಿ ಎಲ್ಲ ಸಂದಿಗಳಿಂದಲೂ ಧೂಳು ನುಗ್ಗುತ್ತದೆ.

ಗಾಳಿಯ ದಾರಿ ನೇರವಾಗಿರಬೇಕು. ನಮ್ಮ ಏಳು ಸುತ್ತಿನ ಕೋಟೆಯ ಬಾಗಿಲುಗಳನ್ನು ತಿರುವುಮುರುವಾಗಿ ಕಟ್ಟಿದುದು ಶತ್ರುವಿನ ವೇಗವನ್ನು ಮುರಿಯಲೆಂದು. ಪೆಟ್ಟಿಗೆಯಲ್ಲಿ ತಂತಿಗಳು ಅಡ್ಡಾದಿಡ್ಡಿಯಾಗಿ ಜೋತುಬಿದ್ದಿದ್ದರೆ ಗಾಳಿಗೂ ಅದೇ ಗತಿ. ತಂತಿಗಳನ್ನೆಲ್ಲ ಒತ್ತಟ್ಟಿಗೆ ಸೇರಿಸಿ ಬದಿಗೆ ಕಟ್ಟುವುದು ಕಾಸಿನ ಖರ್ಚಿಲ್ಲದ ಮೊದಲ ಸುಧಾರಣೆ.

ಕೆಲಸದ ಕ್ರಮ

ಮೊದಲು ಯಂತ್ರವನ್ನು ನಿಲ್ಲಿಸಿ, ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತು, ಚಾಲನೆಯ ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿಯಬೇಕು. ಒಳಗಿನ ಭಾಗಗಳನ್ನು ಮುಟ್ಟುವ ಮುನ್ನ ಬರಿಯ ಲೋಹವನ್ನೊಮ್ಮೆ ಮುಟ್ಟಿ ಮೈಯಲ್ಲಿರುವ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ನಮ್ಮ ಒಣಹವೆಯಲ್ಲಿ ಇದು ಹೆಚ್ಚು ಅಗತ್ಯ. ತಂತಿಗಳ ಜೋಡಣೆಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡು ಎಲ್ಲ ಭಾಗಗಳನ್ನೂ ಹೊರತೆಗೆಯಬೇಕು. ತಗಡನ್ನು ಕೊರೆಯುವಾಗ ಉದುರುವ ಕಬ್ಬಿಣದ ಪುಡಿಯ ಒಂದು ಕಣ ಬೋರ್ಡಿನ ಮೇಲೆ ಬಿದ್ದರೂ ಅದನ್ನು ಸುಡಬಲ್ಲುದು. ಆದಕಾರಣ ಬೋರ್ಡು ಒಳಗಿರುವಂತೆಯೇ ತೂತು ಕೊರೆಯುವ ಸಾಹಸ ಸಲ್ಲದು.

ವಿದ್ಯುತ್ ಪೂರೈಕೆಯ ಡಬ್ಬಿಯನ್ನು ಹೊರತೆಗೆದಿಡಬಹುದು. ಆದರೆ ಅದರ ಮುಚ್ಚಳವನ್ನು ಯಾರೂ ಬಿಚ್ಚಬಾರದು. ೨೩೦ ವೋಲ್ಟಿನ ಮನೆಯ ವಿದ್ಯುತ್ತು ಅದರೊಳಗೆ ಸುಮಾರು ೩೨೫ ವೋಲ್ಟಿನ ಏಕಮುಖ ವಿದ್ಯುತ್ತಾಗಿ ಕೆಪ್ಯಾಸಿಟರುಗಳಲ್ಲಿ ಸಂಗ್ರಹವಾಗಿರುತ್ತದೆ. ತಂತಿ ಕಿತ್ತ ಮೇಲೂ ಅದು ಸ್ವಲ್ಪ ಕಾಲ ಅಲ್ಲಿಯೇ ನಿಂತಿರಬಹುದು.

ಬರಿದಾದ ಪೆಟ್ಟಿಗೆಯ ಮುಂಬದಿಯಲ್ಲಿ ಫ್ಯಾನಿನ ಜಾಗವನ್ನು ಗುರುತಿಸಿ, ಕೈವಾರದಿಂದ ೧೧೬ ಮಿಲಿಮೀಟರು ವ್ಯಾಸದ ವೃತ್ತವನ್ನು ಎಳೆಯಬೇಕು. ಅದರ ಸುತ್ತ ೧೦೫ ಮಿಲಿಮೀಟರಿನ ಚೌಕದ ನಾಲ್ಕು ಮೂಲೆಗಳಲ್ಲಿ ತಿರುಪಿನ ತೂತುಗಳು ಬರುತ್ತವೆ. ದೊಡ್ಡ ವೃತ್ತ ಕೊರೆಯುವ ಹೋಲ್‌ಸಾ ಇಲ್ಲದವರು ವೃತ್ತದ ಒಳಅಂಚಿನಲ್ಲಿ ಒತ್ತೊತ್ತಾಗಿ ಸಣ್ಣ ತೂತುಗಳ ಸರಣಿಯನ್ನು ಕೊರೆದು, ನಡುವಣ ತಗಡನ್ನು ಹ್ಯಾಕ್ಸಾ ಅಲಗಿನಿಂದ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ ನಯಗೊಳಿಸಬಹುದು. ಕೆಲಸ ನಿಧಾನ, ಆದರೆ ಫಲ ಅದೇ. ಕನ್ನಡಕ ಧರಿಸದೆ ಕೊರೆಯಬಾರದು; ತಗಡಿನ ಅಂಚನ್ನು ಬರಿಗೈಯಲ್ಲಿ ಸವರಬಾರದು.

ಇಡೀ ವೃತ್ತವನ್ನು ತೆಗೆಯಲು ಇಷ್ಟವಿಲ್ಲದವರು ಸಾಲುಸಾಲಾಗಿ ಸಣ್ಣ ತೂತುಗಳನ್ನೇ ಇಡಬಹುದು. ೬ ಮಿಲಿಮೀಟರಿನ ತೂತುಗಳನ್ನು ೮ ಮಿಲಿಮೀಟರಿಗೊಂದರಂತೆ ಜೇನುಗೂಡಿನ ಕ್ರಮದಲ್ಲಿ ಕೊರೆದರೆ ತಗಡಿನ ಸರಿಸುಮಾರು ಅರ್ಧಭಾಗ ತೆರೆದುಕೊಳ್ಳುತ್ತದೆ. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಇಡುವ ರಂಗೋಲಿಯ ಚುಕ್ಕಿಗಳ ಲೆಕ್ಕವೇ ಇಲ್ಲಿ ಮಾದರಿ. ಚುಕ್ಕಿಯಿಟ್ಟ ಕಾಗದವನ್ನು ತಗಡಿಗೆ ಅಂಟಿಸಿ, ಪ್ರತಿ ಚುಕ್ಕಿಯ ಮೇಲೂ ಪಂಚಿನಿಂದ ಗುರುತುಮಾಡಿ ಕೊರೆದರೆ ಗಾಳಿಯ ಕಿಂಡಿಯೇ ಅಲಂಕಾರವೂ ಆಗುತ್ತದೆ.

ಫ್ಯಾನನ್ನು ಕೂರಿಸುವಾಗ ದಿಕ್ಕು ತಪ್ಪಬಾರದು. ಚೌಕಟ್ಟಿನ ಅಡ್ಡಕಡ್ಡಿಗಳು ಯಾವ ಬದಿಯಲ್ಲಿವೆಯೋ ಆ ಬದಿಯಿಂದ ಗಾಳಿ ಹೊರಬರುತ್ತದೆ. ಮುಂಬದಿಯ ಫ್ಯಾನುಗಳ ಮುಂದೆ ಸೊಳ್ಳೆಪರದೆಯ ಬಟ್ಟೆಯನ್ನು ಎರಡು ಪದರವಾಗಿ ಒಂದು ತೆಳು ಚೌಕಟ್ಟಿಗೆ ಬಿಗಿದು, ಸುಲಭವಾಗಿ ತೆಗೆದುಹಾಕುವಂತೆ ಜೋಡಿಸಬೇಕು. ಸೋಸುಬಟ್ಟೆಯನ್ನು ತೊಳೆಯದಿದ್ದರೆ ಅದು ಇಲ್ಲದಿರುವುದಕ್ಕಿಂತ ಕೇಡು. ಹದಿನೈದು ದಿನಗಳಿಗೊಮ್ಮೆ ತೊಳೆದು ಚೆನ್ನಾಗಿ ಒಣಗಿಸಿ ಮತ್ತೆ ಹಾಕುವುದನ್ನು ತರಗತಿಯ ಸರದಿಯ ಕೆಲಸಗಳಲ್ಲಿ ಸೇರಿಸಬಹುದು. ಹಿಂಬದಿಯಲ್ಲಿ ಬಾಯಿತೆರೆದ ಕಾರ್ಡುಗಳ ಸಂದಿಗಳನ್ನು ತಗಡಿನ ಪಟ್ಟಿಗಳಿಂದ ಮುಚ್ಚಿದರೆ ಹಲ್ಲಿ ಇಲಿಗಳ ದಾರಿಯೂ ಮುಚ್ಚುತ್ತದೆ.

ಬಣ್ಣ ಬಳಿಯುವುದಾದರೆ ಎಮರಿ ಕಾಗದದಿಂದ ಹಳೆಯ ಬಣ್ಣವನ್ನು ಉಜ್ಜಿ, ರೆಡ್‌ಆಕ್ಸೈಡ್ ಲೇಪಿಸಿ, ಒಣಗಿದ ಮೇಲೆ ತೆಳುವಾಗಿ ಎರಡು ಮೂರು ಬಾರಿ ಬಳಿಯಬೇಕು. ಆದರೆ ಮದರ್‌ಬೋರ್ಡು ಕೂರುವ ಹಿತ್ತಾಳೆಯ ಗೂಟಗಳಿಗೂ ವಿದ್ಯುತ್ ಡಬ್ಬಿಯು ತಗಲುವ ಜಾಗಕ್ಕೂ ಬಣ್ಣ ಹತ್ತಬಾರದು. ಅಲ್ಲಿ ಲೋಹಕ್ಕೆ ಲೋಹ ತಗಲಲೇಬೇಕು. ಮರಳಿ ಜೋಡಿಸುವಾಗ ಬೋರ್ಡಿನ ತೂತುಗಳಿಗೆ ಹೊಂದದ ಕಡೆ ಹೆಚ್ಚಿನ ಗೂಟವೊಂದು ಉಳಿದಿದ್ದರೆ ಅದನ್ನು ತೆಗೆದುಬಿಡಬೇಕು. ಇಲ್ಲವಾದರೆ ಅದು ಬೋರ್ಡಿನ ಬೆನ್ನಿಗೆ ತಗಲಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ.

ಕೆಲಸ ಮುಗಿದ ಮೇಲೆ ಪರೀಕ್ಷೆ. ಊದಬತ್ತಿಯೊಂದನ್ನು ಹಚ್ಚಿ ಪೆಟ್ಟಿಗೆಯ ಸಂದಿಗಳ ಬಳಿ ಕ್ಷಣಕಾಲ ಹಿಡಿದರೆ ಹೊಗೆಯು ಒಳಕ್ಕೆ ಹೋಗುತ್ತದೋ ಹೊರಕ್ಕೆ ಬಾಗುತ್ತದೋ ಕಣ್ಣಿಗೆ ಕಾಣುತ್ತದೆ. ತಿದ್ದುವ ಮೊದಲೂ ತಿದ್ದಿದ ಮೇಲೂ ಒಂದೇ ಕೆಲಸವನ್ನು ಅರ್ಧ ಗಂಟೆ ಕೊಟ್ಟು, ಪ್ರೊಸೆಸರಿನ ಉಷ್ಣತೆಯನ್ನೂ ಕೊಠಡಿಯ ಉಷ್ಣತೆಯನ್ನೂ ಬರೆದಿಡಬೇಕು. ಎರಡರ ವ್ಯತ್ಯಾಸ ಕಡಿಮೆಯಾಗಿದ್ದರೆ ಮಾತ್ರ ನಮ್ಮ ಶ್ರಮ ಸಾರ್ಥಕವಾಯಿತೆಂದು ಹೇಳಬಹುದು.

ಮರದ ಪೆಟ್ಟಿಗೆ

ಹೊಸದುರ್ಗ, ಹೊಳಲ್ಕೆರೆಗಳ ಹಳೆಯ ಮನೆಗಳ ಮರಗೆಲಸವನ್ನು ಕಂಡವರಿಗೆ ಮರದ ಪೆಟ್ಟಿಗೆಯ ಆಸೆ ಹುಟ್ಟುವುದು ಸಹಜ. ತೇಗ, ಹಲಸು ಅಥವಾ ೧೨ ಮಿಲಿಮೀಟರಿನ ಪ್ಲೈವುಡ್ಡಿನಿಂದ ಬಡಗಿಗಳು ಚೆಂದದ ಪೆಟ್ಟಿಗೆಯನ್ನು ಮಾಡಿಕೊಡಬಲ್ಲರು. ಆದರೆ ತಗಡಿನ ಎರಡು ಗುಣಗಳು ಮರಕ್ಕಿಲ್ಲವೆಂಬುದನ್ನು ಮರೆಯಬಾರದು. ಮರದಲ್ಲಿ ವಿದ್ಯುತ್ತು ಹರಿಯುವುದಿಲ್ಲವಾದ್ದರಿಂದ ಭೂಸಂಪರ್ಕ ತಾನಾಗಿ ಒದಗುವುದಿಲ್ಲ. ಯಂತ್ರ ಹೊರಸೂಸುವ ರೇಡಿಯೋ ತರಂಗಗಳನ್ನು ಅದು ತಡೆಯುವುದೂ ಇಲ್ಲ. ಆದ್ದರಿಂದ ಗುಜರಿಯಿಂದ ತಂದ ಹಳೆಯ ಪೆಟ್ಟಿಗೆಯ ಒಳತಟ್ಟೆಯನ್ನು, ಅಂದರೆ ಬೋರ್ಡೂ ವಿದ್ಯುತ್ ಡಬ್ಬಿಯೂ ಕೂರುವ ಉಕ್ಕಿನ ಭಾಗವನ್ನು, ಹಾಗೆಯೇ ಉಳಿಸಿಕೊಂಡು ಅದರ ಸುತ್ತ ಮರದ ಹೊದಿಕೆಯನ್ನು ಕಟ್ಟುವುದು ಉಚಿತ. ಮರದ ಒಳಮೈಗೆ ಅಲ್ಯೂಮಿನಿಯಮ್ ತಗಡನ್ನು ಹೊದಿಸಿ ಅದನ್ನು ಒಳತಟ್ಟೆಗೆ ತಂತಿಯಿಂದ ಬಿಗಿದರೆ ಇನ್ನೂ ಒಳ್ಳೆಯದು.

ಗಾಜಿನ ಬದಿ, ಬಣ್ಣಬಣ್ಣದ ದೀಪಗಳು ಈಗಿನ ತರುಣರಿಗೆ ಪ್ರಿಯ. ಬದಿಯ ತಗಡಿನಲ್ಲಿ ಕಿಟಕಿ ಕತ್ತರಿಸಿ ೩ ಮಿಲಿಮೀಟರಿನ ಅಕ್ರಿಲಿಕ್ ಹಾಳೆಯನ್ನು ರಬ್ಬರಿನ ಅಂಚಿನೊಡನೆ ಕೂರಿಸಿದರೆ ಒಳಗಿನ ಯಂತ್ರ ಕಾಣುತ್ತದೆ. ಪಾಠ ಹೇಳುವ ಶಿಕ್ಷಕರಿಗೆ ಇದು ಅಲಂಕಾರವಲ್ಲ, ಬೋಧನೋಪಕರಣ. ಶಾಲೆಯಲ್ಲಿ ಅಂತಹ ಒಂದು ಪೆಟ್ಟಿಗೆ ಇದ್ದರೆ ಸಾಕು. ಉಳಿದವಕ್ಕೆ ದೀಪಕ್ಕಿಂತ ಮೊದಲು ಸೋಸುಬಟ್ಟೆ, ಸೋಸುಬಟ್ಟೆಗಿಂತ ಮೊದಲು ಭೂಸಂಪರ್ಕ.

ಭೂಸಂಪರ್ಕ: ಎಲ್ಲಕ್ಕಿಂತ ಮುಖ್ಯವಾದುದು

ಗಣಕದ ಪೆಟ್ಟಿಗೆಯನ್ನು ಮುಟ್ಟಿದಾಗ ಕೈ ಜುಮ್ಮೆನ್ನುವ ಅನುಭವ ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ‘ಸ್ವಲ್ಪ ಕರೆಂಟು ಹೊಡೆಯುತ್ತದೆ, ಏನಾಗುವುದಿಲ್ಲ’ ಎಂದು ಅದನ್ನು ಉಪೇಕ್ಷಿಸುವವರೇ ಹೆಚ್ಚು. ಇದರ ಕಾರಣವನ್ನು ತಿಳಿದರೆ ಆ ಉಪೇಕ್ಷೆ ಉಳಿಯದು. ವಿದ್ಯುತ್ ಡಬ್ಬಿಯ ಒಳಗೆ ವಿದ್ಯುತ್ ಗಲಭೆಯನ್ನು ಶೋಧಿಸುವ ಸಣ್ಣ ಕೆಪ್ಯಾಸಿಟರುಗಳಿರುತ್ತವೆ. ಅವುಗಳ ಒಂದು ತುದಿ ಪೆಟ್ಟಿಗೆಗೆ ಸೇರಿರುತ್ತದೆ. ಗೋಡೆಯ ಮೂರು ಕಂಡಿಯ ಸಾಕೆಟ್ಟಿನಲ್ಲಿ ಭೂಸಂಪರ್ಕದ ತಂತಿ ಸರಿಯಾಗಿದ್ದರೆ ಆ ಅಲ್ಪ ವಿದ್ಯುತ್ತು ಭೂಮಿಗೆ ಹರಿದುಹೋಗುತ್ತದೆ. ಆ ತಂತಿ ಇಲ್ಲದಿದ್ದರೆ ಪೆಟ್ಟಿಗೆಯು ಮನೆಯ ವೋಲ್ಟೇಜಿನ ಅರ್ಧದಷ್ಟಕ್ಕೆ, ಎಂದರೆ ಸುಮಾರು ೧೧೫ ವೋಲ್ಟಿಗೆ, ಏರಿ ನಿಲ್ಲುತ್ತದೆ.

ಒಂದು ಯಂತ್ರದಿಂದ ಸೋರುವ ವಿದ್ಯುತ್ತು ಸಾಮಾನ್ಯವಾಗಿ ಒಂದು ಮಿಲಿಆಂಪಿಯರಿಗಿಂತ ಕಡಿಮೆ. ಅದು ಜುಮ್ಮೆನಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಆದರೆ ಶಾಲೆಯ ಕೊಠಡಿಯಲ್ಲಿ ಇಪ್ಪತ್ತು ಯಂತ್ರಗಳ ಭೂತಂತಿಗಳು ಒಂದಕ್ಕೊಂದು ಸೇರಿದ್ದು, ಆ ಮುಖ್ಯ ತಂತಿಯು ಮಾತ್ರ ಭೂಮಿಗೆ ತಲುಪದೆ ಎಲ್ಲೋ ಕಡಿದುಹೋಗಿದ್ದರೆ, ಇಪ್ಪತ್ತರ ಸೋರಿಕೆಯೂ ಒಟ್ಟುಗೂಡುತ್ತದೆ. ಒಂದೊಂದರದು ೦.೩ ಮಿಲಿಆಂಪಿಯರ್ ಎಂದರೂ ಒಟ್ಟು ೬ ಮಿಲಿಆಂಪಿಯರ್. ಬರಿಗಾಲಿನಲ್ಲಿ ಒದ್ದೆನೆಲದ ಮೇಲೆ ನಿಂತ ಮಗುವಿಗೆ ಅದು ಆಟದ ಮಾತಲ್ಲ. ಯಾವುದಾದರೂ ಒಂದು ಯಂತ್ರದಲ್ಲಿ ಫೇಸ್ ತಂತಿಯೇ ಪೆಟ್ಟಿಗೆಗೆ ತಗಲಿದರಂತೂ ಇಪ್ಪತ್ತು ಪೆಟ್ಟಿಗೆಗಳೂ ಒಮ್ಮೆಲೇ ಪ್ರಾಣಾಪಾಯಕಾರಿಗಳಾಗುತ್ತವೆ.

ಆದುದರಿಂದ ಪೆಟ್ಟಿಗೆಗೆ ಕೈಹಾಕುವ ಮುನ್ನ ಪರವಾನಗಿ ಹೊಂದಿದ ವಿದ್ಯುತ್ ಕೆಲಸಗಾರರಿಂದ ಕೊಠಡಿಯ ಭೂಸಂಪರ್ಕವನ್ನು ಅಳೆಯಿಸಬೇಕು. ನಮ್ಮ ಕಲ್ಲುನೆಲದಲ್ಲಿ ಭೂಗುಂಡಿಯು ಬೇಸಗೆಯಲ್ಲಿ ಒಣಗಿ ಕೆಲಸಕ್ಕೆ ಬಾರದಂತಾಗುತ್ತದೆ. ಅದಕ್ಕೆ ಆಗಾಗ ನೀರುಣಿಸಬೇಕು. ೩೦ ಮಿಲಿಆಂಪಿಯರಿನ ಸೋರಿಕೆಗೆ ವಿದ್ಯುತ್ತನ್ನು ತಾನೇ ಕಡಿಯುವ ಆರ್.ಸಿ.ಸಿ.ಬಿ. ಎಂಬ ಸಾಧನವನ್ನು ಕೊಠಡಿಗೆ ಹಾಕಿಸಬೇಕು. ಮೂರು ಕಂಡಿಯ ಪ್ಲಗ್ಗಿನ ಉದ್ದನೆಯ ಕಾಲನ್ನು ಕತ್ತರಿಸಿ ಎರಡು ಕಂಡಿಗೆ ತುರುಕುವ ಅಭ್ಯಾಸವನ್ನು ಶಾಲೆಯಲ್ಲಿ ಯಾವ ಕಾರಣಕ್ಕೂ ಸಹಿಸಕೂಡದು.

ದಾನಿಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಮಾತು

ವಿಂಡೋಸ್ ೧೦ ಎಂಬ ಕಾರ್ಯಾಚರಣೆ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಕೊನೆಗೊಂಡಿತು. ಹೊಸ ಆವೃತ್ತಿಯ ಅರ್ಹತೆಗೆ ಒಳಪಡದ, ಆದರೆ ಇನ್ನೂ ಗಟ್ಟಿಮುಟ್ಟಾದ ಗಣಕಗಳನ್ನು ಕಚೇರಿಗಳು ಹೊರಹಾಕುವ ಕಾಲವಿದು. ಲಿನಕ್ಸ್ ಮುಂತಾದ ಮುಕ್ತ ತಂತ್ರಾಂಶಗಳನ್ನು ಹಾಕಿದರೆ ಕನ್ನಡ ಬರೆಹ, ಲೆಕ್ಕ, ಅಂತರಜಾಲಗಳಿಗೆ ಅವು ಇನ್ನೂ ಅನೇಕ ವರ್ಷ ಸಲ್ಲುತ್ತವೆ. ೨೦೨೩ರ ಏಪ್ರಿಲ್ ೧ರಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯ ನಿಯಮಗಳ ಪ್ರಕಾರ ಕೆಟ್ಟುಹೋದ ಯಂತ್ರಗಳನ್ನು ನೋಂದಾಯಿತ ಸಂಸ್ಕರಣಕಾರರಿಗೇ ಒಪ್ಪಿಸಬೇಕು. ಆದರೆ ತ್ಯಾಜ್ಯವಾಗುವ ಮೊದಲು ಅವುಗಳ ಆಯುಷ್ಯವನ್ನು ಹಿಗ್ಗಿಸುವುದು ಇನ್ನೂ ಶ್ರೇಯಸ್ಕರ.

ಬೆಂಗಳೂರಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಯಂತ್ರಗಳನ್ನು ಕಳುಹಿಸುವಾಗ ಎಸ್.ಪಿ. ರಸ್ತೆಯ ಅಂಗಡಿಗಳಿಂದ ಯಂತ್ರಕ್ಕೆ ಎರಡರಂತೆ ಫ್ಯಾನುಗಳನ್ನೂ ಜೊತೆಯಲ್ಲಿ ಕಳುಹಿಸಿದರೆ ಅದು ಯಂತ್ರದಷ್ಟೇ ಬೆಲೆಯುಳ್ಳ ಕೊಡುಗೆ. ದಾನಿಗಳು ಇಪ್ಪತ್ತು ಯಂತ್ರಗಳನ್ನು ಕೊಡುವಲ್ಲಿ ಹದಿನೆಂಟನ್ನು ಕೊಟ್ಟು, ಉಳಿದ ಹಣವನ್ನು ಭೂಸಂಪರ್ಕಕ್ಕೂ ಆರ್.ಸಿ.ಸಿ.ಬಿ.ಗೂ ಮೀಸಲಿಟ್ಟರೆ ಫಲಕದ ಮೇಲಿನ ಸಂಖ್ಯೆ ಕಡಿಮೆಯಾದೀತು. ಐದು ವರ್ಷಗಳ ಬಳಿಕ ಕೆಲಸ ಮಾಡುತ್ತಿರುವ ಯಂತ್ರಗಳ ಸಂಖ್ಯೆ ಹೆಚ್ಚಾದೀತು. ಶಿಕ್ಷಕರು ಒಂಬತ್ತನೆಯ ತರಗತಿಯ ಮಕ್ಕಳಿಂದ ಬರಿದಾದ ಒಂದು ಪೆಟ್ಟಿಗೆಯನ್ನು ತಮ್ಮ ಮೇಲ್ವಿಚಾರಣೆಯಲ್ಲಿ ಅಳೆಯಿಸಿ, ಕೊರೆಯಿಸಿ, ಬಣ್ಣ ಬಳಿಸಿ, ಉಷ್ಣತೆಯ ಲೆಕ್ಕವನ್ನು ಬರೆಯಿಸಬೇಕು. ಪುಸ್ತಕದಲ್ಲಿ ಓದಿದ ಶಾಖ, ವೃತ್ತ, ವಿದ್ಯುತ್ತುಗಳು ಒಂದೇ ಪೆಟ್ಟಿಗೆಯಲ್ಲಿ ಅವರ ಕೈಗೆ ಸಿಗುತ್ತವೆ. ಮುಂದಿನ ಬೇಸಗೆಯ ರಜೆಗೆ ಮೊದಲು ಪ್ರತಿ ಶಾಲೆಯಲ್ಲಿಯೂ ಮೂಲೆಗೆ ಸರಿದಿರುವ ಒಂದೊಂದು ಗಣಕವಾದರೂ ಈ ಬಗೆಯಲ್ಲಿ ಮತ್ತೆ ಮೇಜಿಗೆ ಬರಲೆಂಬುದು ಈ ಲೇಖಕನ ಹಾರೈಕೆ.